ಹಳದಿ ಹಾಲು

"ಆ ಹಳದಿ ಹಾಲು ಮಗೀಗೆ ಕುಡಿಸ್‌ಬ್ಯಾಡ ಕಣವ್ವ. ಒಂಬತ್ತು ತಿಂಗ್ಳಿಂದ ಎದೇಲಿ ನಿಂತು ಕೆಟ್ಟೋಗೈತೆ," ಎಂದಳು ಅತ್ತೆ.

"ನರ್ಸು ಕುಡಿಸ್ಲೇಬೇಕು ಅಂದ್ರಲ್ಲ ಅತ್ತೆ?"

"ನರ್ಸಿಗೇನು ಗೊತ್ತು? ನಾಕು ಹೆತ್ತೋಳು ನಾನು."

ಬಾಣಂತಿಯ ತಾಯಿ ಮಗಳ ಕೈಹಿಡಿದು ಬೇಡಿಕೊಂಡಳು. "ಕುಡಿಸವ್ವ, ಮಗೀಗೆ ಅದೇ ಶಕ್ತಿ."

"ಹಂಗಾದ್ರೆ ನನ್ನ ಮೊಮ್ಮಗೀಗೆ ನಾನೇ ಕೇಡು ಬಯಸ್ತೀನಾ?" ಅತ್ತೆಯ ಕಣ್ಣು ತುಂಬಿ ಬಂತು.

ಆ ಕಣ್ಣೀರನ್ನು ಸೊಸೆ ನಂಬಿದಳು. ಮೂರು ದಿನ ಹಾಲನ್ನು ಹಿಂಡಿ ಬಚ್ಚಲಿಗೆ ಚೆಲ್ಲಿದಳು. ಅತ್ತೆ ಹತ್ತಿಯ ಬತ್ತಿಯನ್ನು ಸಕ್ಕರೆ ನೀರಿನಲ್ಲಿ ಅದ್ದಿ ಮಗುವಿಗೆ ಚೀಪಿಸಿದಳು.

ವಾರ ಕಳೆಯುವಷ್ಟರಲ್ಲಿ ಮಗುವಿಗೆ ಭೇದಿ ಹತ್ತಿತು. ಆಸ್ಪತ್ರೆಗೆ ಸೇರಿಸಿ ಉಳಿಸಿಕೊಂಡು ಬಂದರೂ ಅದಕ್ಕೆ ಅಳುವಷ್ಟು ತ್ರಾಣವೂ ಇರಲಿಲ್ಲ.

"ಎಲ್ಲಾ ನಿಮ್ಮವ್ವನ ಕಣ್ಣು ಬಿದ್ದಿದ್ದಕ್ಕೇ ಆಗಿದ್ದು," ಎನ್ನುತ್ತಾ ಅತ್ತೆ ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು.

ಅವಳು ಅದನ್ನೂ ನಂಬಿದಳು. ಮಗುವನ್ನು ನೋಡಲು ಬಂದ ತಾಯಿಯನ್ನು ಹೊಸಿಲು ದಾಟಲು ಬಿಡದೆ ವಾಪಸು ಕಳಿಸಿದಳು.

ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ಹಸು ಕರು ಹಾಕಿತು. ಗಿಣ್ಣು ತಿನ್ನುವ ಆಸೆಗೆ ಮಾವ ಚೆಂಬು ಹಿಡಿದು ಹಾಲು ಕರೆಯಲು ಕುಳಿತದ್ದೇ ತಡ, ಅತ್ತೆ ಓಡಿ ಬಂದು ಚೆಂಬನ್ನು ಕಿತ್ತುಕೊಂಡಳು. ಬಡಕಲು ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬಳಿ ಕುಳಿತಿದ್ದ ಸೊಸೆಗೆ ಒಂದೊಂದು ಮಾತೂ ಕೇಳಿಸಿತು.

"ನಿಮ್ಗೇನು ಬುದ್ಧಿ ಗಿದ್ಧಿ ಐತಾ? ಮೊದ್ಲ ಹಾಲು ಕರೂಗೇ ಸೇರ್ಬೇಕು. ಅದನ್ನ ತಪ್ಪಿಸಿದ್ರೆ ಕರು ಉಳೀತದಾ?"