ಗೋಡೆಗೆ ಕೂಡಿಸಿದ ಮೇಜು

"ನಂಗೆ ಲ್ಯಾಪ್‌ಟಾಪ್ ಸಾಕಪ್ಪ," ಎಂದಳು ಮಗಳು, ಕಂಪ್ಯೂಟರ್ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ.

ಅವಳಪ್ಪ ಬಡಗಿ. ಅವನು ಕೇಳಿಸದವನಂತೆ ಹೋಗಿ ದೊಡ್ಡ ಡೆಸ್ಕ್‌ಟಾಪಿನ ಮುಂದೆ ನಿಂತ. ಕರಿಯ ಪೆಟ್ಟಿಗೆ, ಪಕ್ಕಕ್ಕೆ ಗಾಜು, ಒಳಗೆ ನೀಲಿ ಬೆಳಕು ಚೆಲ್ಲುತ್ತ ತಿರುಗುವ ಫ್ಯಾನುಗಳು. ಎರಡೂ ಕೈಯಿಂದ ಕೊಂಚ ಎತ್ತಿ ನೋಡಿದ. ಒಳ್ಳೇ ಭಾರವಿತ್ತು. ಅವನಿಗೆ ಹಿಡಿಸಿದ್ದೇ ಆ ಭಾರ. ಮಗಳು ಇರುವುದು ತಾಯಿಯ ಜೊತೆ. ಕೋರ್ಟು ಅವನ ಪಾಲಿಗೆ ಕೊಟ್ಟಿದ್ದು ಭಾನುವಾರ ಮಾತ್ರ. ಈಚೆಗೆ ಆ ಭಾನುವಾರಗಳೂ ಒಂದೊಂದಾಗಿ ಕೈಜಾರುತ್ತಿದ್ದವು. ಒಮ್ಮೆ ಪರೀಕ್ಷೆ, ಒಮ್ಮೆ ನೆಗಡಿ, ಒಮ್ಮೆ ಗೆಳತಿಯ ಮನೆ. ಲ್ಯಾಪ್‌ಟಾಪ್ ಕೊಡಿಸಿದರೆ ಚೀಲಕ್ಕೆ ಹಾಕಿಕೊಂಡು ನಡೆದೇಬಿಡುತ್ತಾಳೆ. ಇದನ್ನು ಹೊತ್ತುಕೊಂಡು ಹೋಗುವ ಹಾಗಿಲ್ಲ. ಆಟ ಬೇಕೆಂದರೆ ತನ್ನ ಮನೆಗೆ ಬರಲೇಬೇಕು.

ಅಂಗಡಿಯವನು ಹಳೆಯ ಪರಿಚಯ. ಅಲ್ಲಿನ ಕಪಾಟುಗಳೆಲ್ಲ ಬಡಗಿಯ ಕೈಕೆಲಸವೇ. "ಆಟಕ್ಕೇ ಅಂದ್ರೆ ಇದೇ ಸರಿ ಮೇಸ್ತ್ರಿ," ಎಂದ ಅವನು. "ಲ್ಯಾಪ್‌ಟಾಪು ಒಂದು ಆಟ ಮುಗಿಯೋದ್ರೊಳಗೆ ದೋಸೆ ಕಾವಲಿ ಥರ ಬಿಸಿಯಾಗುತ್ತೆ. ಇದಕ್ಕಾದ್ರೆ ನಾಳೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕ್ಬೋದು, ಮೆಮೊರಿ ಹಾಕ್ಬೋದು. ಅದಕ್ಕೆ ಅಷ್ಟೆಲ್ಲ ಇಲ್ಲ, ತಗೊಂಡಿದ್ದೇ ಹಣೆಬರಹ."

"ಕೇಳಿಸ್ತೇನೇ ಪುಟ್ಟಿ?"

"ಬಿಸಿಯಾದ್ರೆ ಆಗ್ಲಿ ಬಿಡಪ್ಪ. ನಾನಾಡೋದು ಒಂದು ಕಾರ್ ರೇಸು. ಅದಕ್ಕೆ ಇಷ್ಟು ದೊಡ್ಡ ರಾಕ್ಷಸ ಯಾಕೆ?"

"ನಿಂಗೆ ಗೊತ್ತಾಗಲ್ಲ, ಸುಮ್ನಿರು. ಮೇಜು ಆಗ್ಲೇ ಮಾಡ್ಬಿಟ್ಟಿದೀನಿ. ಕಿಟಕಿ ಪಕ್ಕ, ಗೋಡೆಗೇ ಕೂಡ್ಸಿ. ಅಂಟೂ ಹಾಕಿದೀನಿ, ಸ್ಕ್ರೂನೂ ಹಾಕಿದೀನಿ. ಆನೆ ಬಂದು ಎಳೆದ್ರೂ ಅಲ್ಲಾಡಲ್ಲ."

ಮಗಳು ಏನೋ ಹೇಳಲು ಬಾಯಿ ತೆರೆದಳು. ಅಪ್ಪನ ಮುಖದಲ್ಲಿದ್ದ ಹಿಗ್ಗು ನೋಡಿ, "ಹ್ಞೂಂ, ಸರಿ," ಎಂದಳು. ಬಡಗಿ ಅದನ್ನು ಒಪ್ಪಿಗೆ ಎಂದುಕೊಂಡ. ಕೂಡಿಟ್ಟಿದ್ದಷ್ಟನ್ನೂ ಅಲ್ಲೇ ಸುರಿದು, ಅಂಗಡಿಯವನು ಅಂಥದ್ದೇ ಹೊಸದನ್ನು ಎದುರಿಗೇ ಜೋಡಿಸಿ ಕೊಟ್ಟ ಪೆಟ್ಟಿಗೆಯನ್ನು ತಾನೇ ಎದೆಗವುಚಿಕೊಂಡು ಮನೆಗೆ ತಂದ.

ಕಂಡವರ ಮನೆಗೆಲ್ಲ ಟೇಪು ಹಿಡಿದು ಅಳೆಯುವವನು ಈ ಮೇಜಿಗೆ ಟೇಪು ಹಿಡಿದಿರಲಿಲ್ಲ. ಮಗಳ ಅಳತೆ ತನಗೆ ಗೊತ್ತಿಲ್ಲವೇ ಎಂದು, ಅವಳು ಈ ಮನೆಯಲ್ಲಿದ್ದಾಗ ಕೂತು ಬರೆಯುತ್ತಿದ್ದುದನ್ನು ನೆನೆದುಕೊಂಡೇ ಹಲಗೆ ಕೂಡಿಸಿದ್ದ. ಈಗ ಅವಳು ಕುರ್ಚಿ ಎಳೆದು ಕೂತರೆ ಮಂಡಿ ಹಲಗೆಯ ಅಡಿಗೆ ಟಕ್ಕೆಂದು ಬಡಿಯಿತು.

"ಯಾವಾಗ ಇಷ್ಟು ಬೆಳೆದ್ಯೇ?"

"ಪರ್ವಾಗಿಲ್ಲ ಬಿಡಪ್ಪ," ಎಂದು ಕಾಲನ್ನು ಓರೆ ಮಾಡಿ ಕೂತಳು. ಪರದೆಯ ಮೇಲೆ ಕೆಂಪು ಕಾರು ಓಡಿತು. ಬಡಗಿ ಹಿಂದೆ ನಿಂತು, ತಿರುವು ಬಂದಾಗಲೆಲ್ಲ ತಾನೂ ಒಂದಿಷ್ಟು ವಾಲಿದ. ಒಂದು ಸುತ್ತು ಮುಗಿಯುತ್ತಲೇ ಅವಳು ಮೌಸಿನಿಂದ ಕೈ ತೆಗೆದಳು.

"ಅಪ್ಪ, ನಾವು ಬೇರೆ ಊರಿಗೆ ಹೋಗ್ತಿದೀವಿ. ಅಮ್ಮಂಗೆ ಅಲ್ಲಿ ಕೆಲಸ ಸಿಕ್ಕಿದೆ. ರೈಲಲ್ಲಿ ಹೋದ್ರೆ ಒಂದು ಹಗಲು ಒಂದು ರಾತ್ರಿ ಅಂತೆ."

"ಯಾವಾಗ?"

"ಈ ತಿಂಗಳೇ." ಅವಳು ತಿರುಗಿ ನೋಡಲಿಲ್ಲ. "ಅದಕ್ಕೇ ಲ್ಯಾಪ್‌ಟಾಪ್ ಕೇಳಿದ್ದು. ಅಮ್ಮ ಫೋನು ಮುಟ್ಟೋಕೆ ಬಿಡಲ್ಲ, ಇದಾದ್ರೆ ಪಾಠಕ್ಕೂ ಆಗುತ್ತೆ ಅಂತ ಒಪ್ಪಿದ್ಲು. ಈ ಆಟ ಫೋನಲ್ಲೂ ಬರುತ್ತಪ್ಪ. ನಾನು ಅಲ್ಲಿಂದ ಲ್ಯಾಪ್‌ಟಾಪಲ್ಲಿ, ನೀನು ಇಲ್ಲಿಂದ ನಿನ್ನ ಫೋನಲ್ಲಿ. ದಿನಾ ಸಂಜೆ ಇಬ್ರೂ ಒಂದೇ ರೇಸಲ್ಲಿ ಓಡಿಸ್ಬೋದು ಅಂದ್ಕೊಂಡಿದ್ದೆ."

"ದಿನಾ?" ಎಂದ ಬಡಗಿ.

"ದಿನಾ."

ಅವನು ಕಿಟಕಿಯ ಸರಳು ಹಿಡಿದುಕೊಂಡ. "ಅಂಗಡೀಲೇ ಹೇಳ್ಬಾರ್ದಿತ್ತೇನೇ ತಾಯಿ?"

"ಹೇಳ್ತಿದ್ದೆ. ಅಷ್ಟರಲ್ಲಿ ನೀನು ಮೇಜು ಮಾಡಿದೀನಿ ಅಂದ್ಬಿಟ್ಟೆ."

"ಇದನ್ನೇ ತಗೊಂಡ್ಹೋಗು ಹಾಗಾದ್ರೆ."

"ಅಲ್ಲಿ ಚಿಕ್ಕಮ್ಮನ ಮನೇಲಿ ನಮಗೆ ಒಂದೇ ರೂಮು. ನಾವು ಮಲಗೋಕೇ ಜಾಗ ಸಾಲಲ್ಲ."

ಬಡಗಿ ಅಂಗಡಿಯವನಿಗೆ ಫೋನು ಹಚ್ಚಿದ. ಬದಲಾಯಿಸಿ ಲ್ಯಾಪ್‌ಟಾಪ್ ಕೊಡಲು ಆಗುತ್ತದೆಯೇ ಎಂದು ಕೇಳಿದ. "ನಿಮ್ಮ ಎದುರಿಗೇ ಬಿಡಿಬಿಡಿ ತಂದು ಜೋಡಿಸಿ ಕೊಟ್ಟಿದ್ದು ಮೇಸ್ತ್ರಿ," ಎಂದ ಅಂಗಡಿಯವನು. "ಈಗ ಬಿಚ್ಚಿ ಯಾರಿಗೆ ಕೊಡ್ಲಿ? ನೀವು ಗೋಡೆಗೆ ಹೊಡೆದ ಕಪಾಟನ್ನ ವಾಪಸ್ ತಗೋತೀರಾ, ನೀವೇ ಹೇಳಿ." ಬಡಗಿ ಫೋನು ಕೆಳಗಿಟ್ಟ.

ಸಂಜೆ ಹೊರಗೆ ತಾಯಿಯ ಕಾರಿನ ಹಾರ್ನು ಕೇಳಿಸಿತು. ಮಗಳು ಎದ್ದಳು, ಮಂಡಿ ಮತ್ತೊಮ್ಮೆ ಹಲಗೆಗೆ ತಾಗಿತು. "ನೀನು ಆಡ್ತಿರಪ್ಪ. ಅಭ್ಯಾಸ ಆಗ್ಲಿ," ಎಂದು ಚಪ್ಪಲಿ ಮೆಟ್ಟಿಕೊಂಡಳು.

ಅವರು ಊರು ಬಿಟ್ಟ ಮೇಲಿನ ಮೊದಲ ಭಾನುವಾರ ಬಡಗಿ ಉಳಿ, ಸುತ್ತಿಗೆ ತೆಗೆದ. ಕಂಪ್ಯೂಟರನ್ನು ಮೂಲೆಗೆ ಸರಿಸಿ, ಮೇಜನ್ನು ಗೋಡೆಯಿಂದ ಎಬ್ಬಿಸಿದ. ಅಂಟು ಬಿಡಲಿಲ್ಲ, ಹಲಗೆಯ ಜೊತೆ ಗಾರೆಯೂ ಕಿತ್ತುಕೊಂಡು ಬಂತು. ಅವಳ ಮಂಡಿ ತಾಗದ ಹಾಗೆ, ಮೊದಲಿದ್ದುದಕ್ಕಿಂತ ನಾಲ್ಕು ಬೆರಳು ಮೇಲಕ್ಕೆ, ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದ. ಬರುವ ಹೊತ್ತಿಗೆ ಇನ್ನೂ ಬೆಳೆದಿರುತ್ತಾಳಲ್ಲ ಎನಿಸಿ, ಅದರ ಮೇಲೆ ಇನ್ನೊಂದು ಎಳೆದ. ಬರುವುದು ಯಾವಾಗಲೋ ಎನಿಸಿ, ಅದರ ಮೇಲೆ ಮತ್ತೊಂದು.

ಕತ್ತಲಾಗುವ ಹೊತ್ತಿಗೆ ಗೋಡೆಯ ತುಂಬ ಗೆರೆಗಳೇ ಇದ್ದವು. ಮೇಜು ನೆಲದ ಮೇಲೆ ಬಿದ್ದಿತ್ತು.