ನೆಲದೊಡ್ಡಿಯ ಟಪಾಲು

"ನೆಲದೊಡ್ಡಿ ಟಪಾಲು ನಿಮ್ಮಲ್ಲಿ ಅದಾವಂತಲ್ರಿ, ಕೊಡ್ರಿ."

ಎರಿಕಟ್ಟಿಯ ಅಂಚೆ ಕಚೇರಿಯ ಹೊಸ್ತಿಲಲ್ಲಿ ನಿಂತ ಬಂಡೆಮ್ಮನ ಸೀರೆ ಸೊಂಟದವರೆಗೆ ನೆನೆದಿತ್ತು. ಹಳ್ಳ ದಾಟಿ ಬಂದಿದ್ದಳು. ಕಚೇರಿ ಎಂದರೆ ಪೋಸ್ಟ್ ಮಾಸ್ತರ ಕನಕರಾಯನ ಮನೆಯ ಪಡಸಾಲೆ. ಒಂದು ಮೇಜು, ಗೋಡೆಯಲ್ಲೊಂದು ಗೂಡು, ಹೊರಗೆ ಕೆಂಪು ಡಬ್ಬಿ. ಗೂಡಿನಲ್ಲಿ ಹನ್ನೊಂದು ಕಾಗದಗಳಿದ್ದವು. ಅವುಗಳಲ್ಲಿ ಒಂಬತ್ತು ನೆಲದೊಡ್ಡಿಯವು.

"ಹಳ್ಳ ಇಳದ ಮ್ಯಾಲೆ ನಾನೇ ತಂದು ಕೊಡೋಣಂತ ಇಟ್ಟಿದ್ದೆ ಯವ್ವಾ," ಎಂದ ಕನಕರಾಯ, ಅವಳ ಮುಖ ನೋಡದೆ.

"ಯಾವಾಗ ಇಳೀತದ್ರಿ? ದೀಪಾವಳಿಗೇನು? ಸಿರವಾರದಾಗ ನಮ್ಮ ಕಾಕನ ಮಗಳಿಗೆ ಇದೇ ಕಾಗದ ಬಂದು ಆರು ದಿನ ಆತು. ನಮ್ಮ ಕಡಿ ಟಪಾಲಿನಾವನ್ನ ಕೇಳಿದ್ರ, ನಿಮ್ಮೂರ ಹೆಸರು ಎರಿಕಟ್ಟಿಯವರು ಬರಕೊಂಡಾರ, ನಿಮ್ಮವು ಈಗ ಅಲ್ಲಿಗೇ ಹೋಗ್ತಾವ ಅಂದ."

ಹಾಗೆ ಹೋಗುವಂತೆ ಮಾಡಿದವನು ಕನಕರಾಯನೇ. ಎಪ್ಪತ್ತೆಂಟರ ಯುಗಾದಿಯ ಹೊತ್ತಿಗೆ ಬಂದಿದ್ದ ಇನ್ಸ್‌ಪೆಕ್ಟರು, ದಿನಕ್ಕೆ ಎರಡು ಕಾಗದಕ್ಕೆ ಒಂದು ಕಚೇರಿ ಯಾಕೆ, ಮಳೆಗಾಲದಲ್ಲಿ ಮತ್ತೆ ಬಂದು ಎಣಿಸುತ್ತೇನೆ, ಗೂಡಿನಲ್ಲಿ ಹತ್ತಾದರೂ ಇಲ್ಲದಿದ್ದರೆ ಬೀಗ ಎಂದು ಹೇಳಿ ಹೋಗಿದ್ದ. ಕಚೇರಿ ಬಂದ ಮೇಲೆ ಊರು ಕನಕರಾಯನನ್ನು ಮಾಸ್ತರ್ರೇ ಎನ್ನುತ್ತಿತ್ತು. ಅದಕ್ಕೆ ಮುಂಚೆ ಅವನು ಬರೀ ಕುರಿ ಕನಕ. ಬೀಗ ಬಿದ್ದರೆ ಮರುದಿನವೇ ಹಳೆಯ ಹೆಸರು ಬರುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಊರಿನವರಿಗೆ ಇಂಥದ್ದರಲ್ಲಿ ಮರೆವು ಕಡಿಮೆ.

ಪಿನ್ ನಂಬರಿನ ಮೊದಲ ಮೂರು ಅಂಕಿ ನೋಡಿ ಕಾಗದವೇನೋ ಜಿಲ್ಲೆಗೆ ಬಂದು ಬೀಳುತ್ತದೆ. ಅಲ್ಲಿಂದ ಮುಂದೆ ಯಾವ ಹಳ್ಳಿಯದು ಯಾವ ಚೀಲಕ್ಕೆ ಎನ್ನುವುದಕ್ಕೆ, 'ಈ ಊರುಗಳು ನನ್ನವು, ಇಷ್ಟು ಮೈಲು' ಎಂದು ಆಯಾ ಕಚೇರಿಯವರು ಬರೆದು ಕಳಿಸಿದ ಪಟ್ಟಿಯೇ ಆಧಾರ. ರಾಯಚೂರಿನಲ್ಲಿ ಟಪಾಲು ವಿಂಗಡಿಸುವ ಸತ್ತಾರ್ ಸಾಬ್ ಆ ಪಟ್ಟಿಗಳನ್ನು ಗೋಡೆಗೆ ಅಂಟಿಸಿಕೊಂಡು, ಯಾರು ಹತ್ತಿರವೋ ಅವರ ಚೀಲಕ್ಕೆ ಹಾಕುತ್ತಿದ್ದ. ಅಲ್ಲಿಯವರೆಗೆ ನೆಲದೊಡ್ಡಿಗೆ ಟಪಾಲು ಹಂಚುತ್ತಿದ್ದ ಮಾನ್ವಿ ಕಡೆಯ ಕಚೇರಿಯಿಂದ ಆ ಊರು ಆರು ಮೈಲು. ಕನಕರಾಯ ತನ್ನ ಪಟ್ಟಿಯಲ್ಲಿ ನೆಲದೊಡ್ಡಿಯನ್ನೂ ಸೇರಿಸಿ ಎರಡು ಮೈಲು ಎಂದು ಬರೆದ. ಸುಳ್ಳಲ್ಲ. ನಡುವೆ ಹಳ್ಳವಿದೆ ಎಂದು ಬರೆಯಲು ಪಟ್ಟಿಯಲ್ಲಿ ಜಾಗವಿರಲಿಲ್ಲ. ಇದ್ದಿದ್ದರೂ ಅವನು ಬರೆಯುತ್ತಿರಲಿಲ್ಲ.

ಬಂಡೆಮ್ಮ ತನ್ನ ಕಾಗದವನ್ನು ಅಲ್ಲೇ ಒಡೆದು ಓದಿದಳು. ಬಾಲವಾಡಿ ಟೀಚರ್ ಕೆಲಸಕ್ಕೆ ಸಂದರ್ಶನ. ನಾಳೆ ಬೆಳಿಗ್ಗೆ ಹತ್ತಕ್ಕೆ, ರಾಯಚೂರಿನಲ್ಲಿ. ಏಳನೇ ತರಗತಿಯ ಅಸಲು ಸರ್ಟಿಫಿಕೇಟು ತರಬೇಕು. ಅದು ಮನೆಯ ಟ್ರಂಕಿನಲ್ಲಿತ್ತು. ರಾಯಚೂರಿಗೆ ನಾಲ್ಕರ ಬಸ್ಸು ತಪ್ಪಿದರೆ ಇನ್ನೊಂದಿಲ್ಲ. ಪಡುವಣ ದಿಕ್ಕು ಕಪ್ಪಗಾಗಿತ್ತು.

"ದಾಟಿಸಾಕ ಆಗದಿದ್ರ ನಮ್ಮೂರ ಹೆಸರು ಯಾಕ ಬರಕೊಂಡ್ರಿ?" ಎಂದಳು. "ಮೊದಲು ತಡಾ ಆದ್ರೂ ಮನಿಗೆ ಬರ್ತಿದ್ವಲ್ರಿ."

ಕನಕರಾಯನಿಗೆ ನಾಚಿಕೆಯಾಯಿತು. ಅದೇ ನಾಲ್ಕರ ಬಸ್ಸಿನಿಂದ ಇನ್ಸ್‌ಪೆಕ್ಟರು ಇಳಿಯುವವನಿದ್ದ. ಪುಸ್ತಕದಲ್ಲಿ ಹನ್ನೊಂದು ಎಂದು ಬೆಳಿಗ್ಗೆಯೇ ಬರೆದಾಗಿತ್ತು. ಒಂದು ಗಳಿಗೆ ಗೂಡು ನೋಡಿದ, ಒಂದು ಗಳಿಗೆ ಅವಳನ್ನು ನೋಡಿದ.

"ನಿನಗ ಈಸು ಬರ್ತದೇನು?"

"ಇಲ್ಲರಿ."

"ಹಂಗಾರ ಇಲ್ಲೇ ಕೂಡು. ಯಾರರ ಬಂದ್ರ ಮಾಸ್ತರ್ರು ಬರ್ತಾರಂತ ಹೇಳು."

ಉಳಿದ ಎಂಟು ಕಾಗದಗಳನ್ನು ನೀರು ಹಿಡಿಯದ ಮೇಣಗಪ್ಪಡದಲ್ಲಿ ಸುತ್ತಿ ತಲೆಗೆ ಕಟ್ಟಿಕೊಂಡು ಹೊರಟ. ಹೋಗುವಾಗ ನೀರು ಎದೆಮಟ್ಟ ಇತ್ತು. ನೆಲದೊಡ್ಡಿಯಲ್ಲಿ ಕಾಗದ ಹಂಚಿ, ಬಂಡೆಮ್ಮನ ತಾಯಿಯಿಂದ ಸರ್ಟಿಫಿಕೇಟು ಇಸಿದುಕೊಂಡು ಬರುವಾಗ ಕಾಲು ನೆಲಕ್ಕೆ ಸಿಗಲಿಲ್ಲ. ಐವತ್ತರ ಗಂಡಸು, ಸರ್ಟಿಫಿಕೇಟನ್ನು ಮೇಲೆತ್ತಿ ಹಿಡಿದು ಒಂದೇ ಕೈಯಲ್ಲಿ ಈಸಿದ.

ಅವನು ಏದುಸಿರು ಬಿಡುತ್ತ ಬಂದಾಗ ಬಸ್ಸು ನಿಂತಿತ್ತು. ಬಂಡೆಮ್ಮ ಸರ್ಟಿಫಿಕೇಟನ್ನು ಎದೆಗೆ ಒತ್ತಿಕೊಂಡು ಹತ್ತಿದಳು. ಇನ್ಸ್‌ಪೆಕ್ಟರು ಆಗಲೇ ಮೇಜಿನ ಮುಂದೆ ಕುಳಿತು ಪುಸ್ತಕ ತೆರೆದಿದ್ದ.

"ಆ ಹೆಣ್ಣುಮಗಳು ಎಲ್ಲಾ ಹೇಳಿದಳು. ನೆರೆಯಲ್ಲಿ ಈಜಿ ಕಾಗದ ಹಂಚೋ ಪೋಸ್ಟ್ ಮಾಸ್ತರನ್ನ ನಾನು ಇವತ್ತೇ ನೋಡಿದ್ದು ಕಣ್ರೀ," ಎಂದ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಪೆನ್ನಿನ ಮುಚ್ಚಳ ತೆಗೆದ. "ಹನ್ನೊಂದು ಬಂದಿವೆ ಅಂತ ಬರೀತೀನಿ. ಇಂಥ ಕಚೇರಿ ಮುಚ್ಚೋ ಮಾತೇ ಇಲ್ಲ."

ಕನಕರಾಯನ ಧೋತರದಿಂದ ನೀರು ಇಳಿದು ಪಡಸಾಲೆ ಕೆಸರಾಗಿತ್ತು. ನೆಲದೊಡ್ಡಿಯ ಹೆಸರನ್ನು ತಾನೇ ಬರೆದುಕೊಂಡದ್ದನ್ನು ಬಂಡೆಮ್ಮ ಹೇಳಿರಲಿಲ್ಲ ಎಂಬುದು ಅವನಿಗೆ ತಿಳಿಯಿತು. ತಲೆಯಾಡಿಸಿದರೆ ಸಾಕಿತ್ತು. ಕನಕರಾಯ ಎರಡೇ ಕಾಗದ ಉಳಿದಿದ್ದ ಗೂಡಿನ ಕಡೆ ಕೈ ತೋರಿಸಿದ.

"ಎರಡಂತ ಬರೀರಿ ಸಾಹೇಬ್ರ. ಹನ್ನೊಂದು ಬರದ್ರ ನಾಳಿನೂ ನೆಲದೊಡ್ಡಿಯವರ ಟಪಾಲು ಇಲ್ಲಿಗೇ ಬರ್ತದ."