ಗೋರಿಗಳ ನಡುವೆ ಹೆಣ್ಣು ನೋಡಿದ್ದು

ಗಂಗಾಬಾಯಿ ಏನೋ ಸಂಚು ಮಾಡಿದ್ದಾಳೆ ಎಂಬುದು ಕಾರಿನ ಬಾಗಿಲು ತೆಗೆದ ಕೂಡಲೇ ಹರ್ಷಿತಾಳಿಗೆ ಗೊತ್ತಾಯಿತು. ಭಾನುವಾರದ ತಿರುಗಾಟಕ್ಕೆ ಅವ್ವ ಮತ್ತು ಅವಳ ಗೆಳತಿ ಗಂಗಾಬಾಯಿ ಯಾವಾಗಲೂ ಆಟೋ ಹಿಡಿದು ಹೋಗುವವರು. ಗಂಡಿಪೇಟೆಯ ಕೆರೆಗೂ ಇಬ್ಬರೇ, ಗೋಲ್ಕೊಂಡದ ಕೋಟೆಗೂ ಇಬ್ಬರೇ. ಈ ಸಲ ಮಾತ್ರ ಹರ್ಷಿತಾ ಬರಲೇಬೇಕೆಂದು ಗಂಗಾಬಾಯಿ ಪಟ್ಟು ಹಿಡಿದಿದ್ದಳು. ಈಗ ನೋಡಿದರೆ ನಾರಾಯಣಗೂಡದ ಮನೆಯ ಮುಂದೆ ಕಾರು. ಸ್ಟಿಯರಿಂಗ್ ಹಿಡಿದು ಒಬ್ಬ ಯುವಕ, ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಅವನ ಅಪ್ಪ.

"ಇವರು ವೀರಭದ್ರಪ್ಪನವರು, ಸುಲ್ತಾನ್ ಬಜಾರದಾಗ ಬಟ್ಟಿ ಅಂಗಡಿ ಐತಿ. ಇಂವ ಮಗ ವೈಭವ" ಎಂದಳು ಗಂಗಾಬಾಯಿ. ಆಮೇಲೆ ದನಿ ತಗ್ಗಿಸಿ, "ಅವ್ವ ಎಲ್ಲಾ ಹೇಳ್ಯಾಳಲ್ಲ?"

"ಗೊತ್ತೈತಿ ಬಿಡ್ರಿ ಮೌಶಿ."

ಅವ್ವ ಏನೂ ಹೇಳಿರಲಿಲ್ಲ. ಹೇಳಲೇಬೇಕೆ? ಹರ್ಷಿತಾಳಿಗೇನು ಕಣ್ಣಿಲ್ಲವೇ? ಗಂಡಿನ ಕಡೆಯವರು ಮನೆಗೆ ಬಂದು ಉಪ್ಪಿಟ್ಟು ತಿಂದು ಹೋಗುವ ಕಾಲ ಮುಗಿದು, ಸುಮ್ಮನೆ ಸಿಕ್ಕ ಹಾಗೆ ಸಿಗುವ ಕಾಲ ಬಂದಿತ್ತು. ಆದರೂ ಗಂಗಾಬಾಯಿ ಆರಿಸಿದ ಜಾಗವೆಂದರೆ ಕುತುಬ್ ಶಾಹಿ ಸುಲ್ತಾನರ ಗೋರಿಗಳು. ಹೆಣ್ಣು ತೋರಿಸಲು ಗೋರಿಗಳೇ ಬೇಕಾಗಿದ್ದವೆ ಈ ಮಹಾತಾಯಿಗೆ?

ಅವ್ವ ಸುವರ್ಣಾ ದಾರಿಯುದ್ದಕ್ಕೂ ಹೊಸ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಲೇ ಇದ್ದಳು. ನಾಂಪಲ್ಲಿಯ ಕಚೇರಿಯಲ್ಲಿ ಸಾಹೇಬರಿಗೂ ಅಂಜದ ಹೆಂಗಸು ಇವತ್ತು ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಿದ್ದಳು. ಮಗಳು ತಲೆ ಬಾಚದೆ ಹಳೆಯ ಕುರ್ತಾದಲ್ಲೇ ಬಂದದ್ದನ್ನೂ ಗಮನಿಸಿರಲಿಲ್ಲ. ಪಾಪ, ಗಂಡಿನ ಕಡೆಯವರೆಂದರೆ ಇಷ್ಟು ಗಾಬರಿಯೇ ಎಂದುಕೊಂಡಳು ಹರ್ಷಿತಾ. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಉಳಿದವರು ಇಬ್ಬರೇ. ತಾನೂ ಗಂಡನ ಮನೆಗೆ ಹೋದರೆ ಅವ್ವ ಸಂಜೆ ಬಂದು ಬೀಗ ತೆಗೆದು ಯಾರ ಜೊತೆ ಮಾತಾಡಬೇಕು? ಅದೊಂದೇ ಕಾರಣಕ್ಕೆ ಅವಳಿಗೆ ಮದುವೆ ಬೇಡವಾಗಿತ್ತು. ಈ ಸಂಬಂಧ ಇವತ್ತೇ ಮುರಿಯಬೇಕು. ಹೇಗೆ ಎನ್ನುವುದಷ್ಟೇ ಉಳಿದಿತ್ತು.

ಬೇವಿನ ಮರದ ಕೆಳಗೆ ಜಮಖಾನ ಹಾಸಿ ಊಟಕ್ಕೆ ಕುಳಿತರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹರ್ಷಿತಾ ಬೇಕೆಂತಲೇ ಸದ್ದು ಮಾಡುತ್ತ ತಿಂದಳು. ವೀರಭದ್ರಪ್ಪ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಮೊಸರಿನ ಡಬ್ಬಿಯನ್ನು ಅವ್ವನ ಕಡೆ ಸರಿಸಿ, "ಖಾರ ಹೆಚ್ಚಾತೇನ್ರಿ?" ಎಂದರು. ಅವ್ವ ನಕ್ಕಳು. ಬೀಗರಾಗುವ ಮೊದಲೇ ಎಷ್ಟು ಸಲುಗೆ ಎಂದು ಹರ್ಷಿತಾಳಿಗೆ ಮೈ ಉರಿಯಿತು.

"ನೀವಿಬ್ಬರು ಹೋಗಿ ಆ ದೊಡ್ಡ ಗುಂಬಜ ನೋಡಿ ಬರ್ರಿ" ಎಂದಳು ಗಂಗಾಬಾಯಿ.

ಗುಂಬಜದ ನೆರಳಿಗೆ ಬರುವಷ್ಟರಲ್ಲಿ ವೈಭವನಿಗೆ ಫೋನು ಬಂತು. "ಇನ್ನೂ ಕೇಳಿಲ್ಲ. ಕೇಳಿ ಹೇಳ್ತೀನಿ" ಎಂದು ಇಟ್ಟುಬಿಟ್ಟ. ಹರ್ಷಿತಾ ಕಮಾನಿನ ಕೆಳಗೆ ಅತ್ತಿಂದಿತ್ತ ಅಡ್ಡಾಡುತ್ತಿದ್ದಳು. ನಿಲ್ಲಲು ಕಾಲು ಒಪ್ಪುತ್ತಿರಲಿಲ್ಲ.

"ಹಿರಿಯರು ಮಾತು ಮುಂದುವರಿಸೂಕಿಂತ ಮೊದಲು ನಿಮ್ಮನ್ನ ಒಂದು ಮಾತು ಕೇಳಬೇಕಲ್ರಿ" ಎಂದ ವೈಭವ.

"ಕೇಳ್ರಿ."

"ನಿಮ್ಮ ಅವ್ವಾರ ಸ್ವಭಾವ ಹೆಂಗ್ರಿ? ಒಂದ ಮನ್ಯಾಗ ಕೂಡಿ ಇರೂದಂದ್ರ ಅದ ಮುಖ್ಯ ನೋಡ್ರಿ."

ಓಹೋ, ಹುಡುಗಿಯ ಹಿಂದೆ ಅವಳ ತಾಯಿಯೂ ಬರುತ್ತಾಳೆಂಬ ಲೆಕ್ಕ ಆಗಲೇ ಹಾಕಿಕೊಂಡಿದ್ದಾನೆ. ಹರ್ಷಿತಾಳಿಗೆ ಹುಡುಕುತ್ತಿದ್ದ ದಾರಿ ತಾನಾಗಿ ಸಿಕ್ಕಿತು.

"ಭಾಳ ಸಿಟ್ಟಿನಾಕಿ ರೀ. ಮನಸ್ಸಿಗೆ ಬರಲಿಲ್ಲಂದ್ರ ತಾಟು ಒಗೀತಾಳ. ರಾತ್ರಿ ನಿದ್ದಿ ಇಲ್ಲ, ಬೈಕೋತ ಮನಿ ತುಂಬಾ ಅಡ್ಡಾಡ್ತಾಳ. ಡಾಕ್ಟರ್ ಗುಳಿಗಿ ಕೊಟ್ಟಾರ, ನುಂಗಂಗಿಲ್ಲ. ಹೊರಗಿನವರ ಮುಂದ ಮಾತ್ರ ಹಿಂಗ ನಕ್ಕೋತ ಇರ್ತಾಳ. ನಾ ಮಗಳು, ತಡಕೊಂಡೀನಿ. ಬ್ಯಾರೆಯವರ ಕಡಿಂದ ಆಗಂಗಿಲ್ರಿ."

ಮಗಳ ಮುಂದೆ ಎಂದೂ ದನಿ ಏರಿಸದ ಅವ್ವ ಅವಳು. ಆದರೂ ಹರ್ಷಿತಾ ಬಿಡಲಿಲ್ಲ. ಅವ್ವನ ಸಲುವಾಗಿಯೇ ಅವ್ವನ ಮೇಲೆ ಒಂದು ಸುಳ್ಳು. ಏನಾದೀತು?

ವೈಭವನ ಮುಖ ಇಳಿದುಹೋಯಿತು. "ಮೊದಲ ಹೇಳಿದ್ದು ಚೊಲೋ ಆತ್ರಿ. ನಮ್ಮ ಅಪ್ಪಗೂ ವಯಸ್ಸಾತು. ಇನ್ನ ಮ್ಯಾಲರೆ ಅವರಿಗೆ ನೆಮ್ಮದಿ ಬೇಕು."

ಅವನು ಅಪ್ಪನನ್ನು ಗಿಡಗಳ ಆಚೆಗೆ ಕರೆದೊಯ್ದು ಮಾತಾಡುವುದನ್ನು ಹರ್ಷಿತಾ ದೂರದಿಂದಲೇ ನೋಡಿದಳು. ವೀರಭದ್ರಪ್ಪ ಒಮ್ಮೆ ಅವ್ವನ ಕಡೆ ನೋಡಿದರು, ಆಮೇಲೆ ನೆಲ ನೋಡಿದರು. ಅಂಗಡಿಯಲ್ಲಿ ಕೆಲಸವಿದೆಯೆಂದರು. ಬರುವಾಗ ಇರಾನಿ ಚಹಾ ಕುಡಿಯುವ ಮಾತಿತ್ತು, ಅದನ್ನು ಯಾರೂ ಎತ್ತಲಿಲ್ಲ. ನಾರಾಯಣಗೂಡದಲ್ಲಿ ವೀರಭದ್ರಪ್ಪ ಕಾರಿನಿಂದ ಇಳಿದು ಅವ್ವನಿಗೆ ಕೈಮುಗಿದರು.

"ಆರೋಗ್ಯ ನೋಡಿಕೊಳ್ರಿ" ಎಂದಷ್ಟೇ ಹೇಳಿ ಹೋದರು.

ಹರ್ಷಿತಾ ಕುಣಿಯುತ್ತ ಮೆಟ್ಟಿಲು ಹತ್ತಿದಳು. ಬೆಳಗಿನಿಂದ ಇದ್ದ ಕಳವಳವೆಲ್ಲ ಇಳಿದು ಮನಸ್ಸು ಹಗುರಾಗಿತ್ತು. ಅವ್ವ ಸೀರೆಯನ್ನೂ ಬದಲಿಸದೆ ಕುರ್ಚಿಯಲ್ಲಿ ಕುಳಿತಿದ್ದಳು. ಹರ್ಷಿತಾ ಹೋಗಿ ಅವಳ ಕೊರಳು ತಬ್ಬಿಕೊಂಡಳು.

"ಆ ಹುಡುಗ ಹೋದರ ಹೋಗಲಿ ಬಿಡವ್ವಾ. ನಿನ್ನ ಒಬ್ಬಾಕಿನ್ನ ಬಿಟ್ಟು ನಾ ಎಲ್ಲೂ ಹೋಗಂಗಿಲ್ಲ."

ಅವ್ವ ಅವಳ ಕೈ ಬಿಡಿಸಿ, ಅರ್ಥವಾಗದವಳಂತೆ ಮುಖ ನೋಡಿದಳು.

"ಆ ಹುಡುಗಗ ಮದುವಿಯಾಗಿ ವರ್ಷಾತು, ಹರ್ಷಿ; ಅವರಪ್ಪನ ಕೂಡ ನಾ ಮದುವಿ ಆಗೂದಾದ್ರ ನನ್ನ ಮಗಳು ಹೂಂ ಅನ್ನಬೇಕು, ಅಕಿನ್ನ ಕೇಳ್ರಿ ಅಂತ ನಾನ ಅವನ್ನ ನಿನ್ನ ಹತ್ರ ಕಳಿಸಿದ್ದೆ... ನೀ ಏನಂದಿ?"